ಒಳಗೆ ಯಾರೂ ಇಲ್ಲ ಎಂದು ಕೂಗಿದ ವರ್ಷಗಳು

ರೇಡಿಯೇಷನ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಪುಣೆಯ ಬಿಬವೇವಾಡಿಯ ನಮ್ಮ ಮನೆಗೆ ಬರುವುದುಂಟು. ಚಹಾ ಕುಡಿದು, ಚಕ್ಕುಲಿ ಮುರಿದು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. ಕಾಕಾ, ಅಷ್ಟು ವರ್ಷ ಆ ಯಂತ್ರದ ಮಗ್ಗುಲಲ್ಲೇ ಇದ್ದಿರಿ, ನಿಮಗೇನೂ ಆಗಲಿಲ್ಲವೇ ಎಂದು ಕೇಳುತ್ತಾರೆ. ಆಯಿತಲ್ಲ, ಕ್ಯಾನ್ಸರೇ ಆಯಿತು ಎನ್ನುತ್ತೇನೆ. ಆಗ ಅವರ ಮುಖ ನೋಡಬೇಕು. ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ಉಳಿಯುತ್ತದೆ.

ಹೆದರಬೇಡಿ. ಅದು ಯಂತ್ರದಿಂದ ಬಂದದ್ದಲ್ಲ. ನಾವು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಇದೆಯಲ್ಲ, ಮೈಗೆ ಎಷ್ಟು ಕಿರಣ ತಾಗಿತು ಎಂದು ಹೇಳುವುದು, ನನ್ನದು ಪ್ರತಿಸಲವೂ ಚೊಕ್ಕವಾಗಿಯೇ ಬಂದಿದೆ. ರೋಗ ಎಲ್ಲರಿಗೂ ಬರುವ ಹಾಗೆ ನನಗೂ ಬಂತು. ಆದರೆ ಅದೇ ಯಂತ್ರದ ಕೆಳಗೆ ನಾನೇ ಮಲಗಿದಾಗ ಒಂದು ದಿನ ಎದ್ದು ಓಡಿಬಂದೆ. ರೋಗಿಗಳಿಗೆ ಧೈರ್ಯ ಹೇಳುವುದೇ ಹೊಟ್ಟೆಪಾಡಾಗಿದ್ದ ಮನುಷ್ಯ, ಇನ್ನು ಸತ್ತರೂ ಆ ಕೋಣೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅಲ್ಲಿಂದ ಮತ್ತೆ ಒಳಗೆ ಹೇಗೆ ಹೋದೆ, ಒಳಗೆ ಏನು ಸಿಕ್ಕಿತು ಎಂಬುದೇ ನಾನು ಹೇಳಬೇಕಾದ ಮಾತು. ಅದನ್ನು ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ ನನಗೆ. ಬಾಯಲ್ಲಿ ಹೇಳುತ್ತ ಹೋದರೆ ಚಹಾ ಆರುತ್ತದೆ, ನನ್ನ ದನಿಯೂ ಕೈಕೊಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡ ಬಿಟ್ಟು ಪುಣೆಗೆ ಬಂದಾಗ ನಮ್ಮ ಆಸ್ಪತ್ರೆಯಲ್ಲಿದ್ದದ್ದು ಕೋಬಾಲ್ಟ್ ಯಂತ್ರ. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ಬರುತ್ತಿರಲಿಲ್ಲ. ಸೀಸದ ತುಂಡುಗಳನ್ನು ಕೈಯಿಂದ ಹೊತ್ತು ತಟ್ಟೆಯ ಮೇಲೆ ಜೋಡಿಸಿ, ಕಿರಣ ಎಲ್ಲಿಗೆ ಹೋಗಬಾರದೋ ಅಲ್ಲಿ ಅಡ್ಡ ಇಡುತ್ತಿದ್ದೆವು. ಸಂಜೆಗೆ ರಟ್ಟೆ ಬಿದ್ದುಹೋಗುತ್ತಿತ್ತು. ಎಲ್ಲಿಗೆ ಕಿರಣ ಕೊಡಬೇಕೆಂದು ರೋಗಿಯ ಮೈಮೇಲೆ ಶಾಯಿಯಿಂದ ಗೆರೆ ಎಳೆಯುತ್ತಿದ್ದೆವು. ಆ ಗೆರೆಯೇ ನಮ್ಮ ದಿಕ್ಕು. ಅದು ಹೋದರೆ ಲೆಕ್ಕವೆಲ್ಲ ಮೊದಲಿನಿಂದ.

ನಾನು ಸೇರಿದ ಮೊದಲ ದೀಪಾವಳಿಯಲ್ಲೇ ಅದು ಹೋಯಿತು. ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಚನ್ನಬಸಪ್ಪ ಶೆಟ್ಟರು, ಬೈಲಹೊಂಗಲದ ಕಡೆಯವರು, ಅನ್ನನಾಳದ ಕ್ಯಾನ್ಸರಿಗೆ ನಮ್ಮಲ್ಲಿ ಬರುತ್ತಿದ್ದರು. ಸ್ನಾನ ಮಾಡುವಾಗ ಎದೆಗೆ ಸೋಪು ಹಚ್ಚಬೇಡಿರೆಂದು ನಾನೇ ಹೇಳಿದ್ದೆ. ಹಬ್ಬ ಮುಗಿಸಿ ಬಂದರು, ಅಂಗಿ ಬಿಚ್ಚಿದರು, ಎದೆ ಬೆಳ್ಳಿಯ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ಗೆರೆಯೂ ಇಲ್ಲ. ಶೆಟ್ಟರು ಮಾತ್ರ ನಿರಾಳ. ಸೋಪು ಮುಟ್ಟಿಲ್ಲ, ನೀವು ಹೇಳಿದ ಹಾಗೇ ನಡೆದುಕೊಂಡಿದ್ದೇನೆ, ನರಕಚತುರ್ದಶಿಗೆ ಮನೆಯವರು ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕಿ ನೀರು ಹಾಕಿದರು ಅಷ್ಟೇ ಎಂದರು. ಯಜಮಾನರ ಮೈಮೇಲೆ ಹಬ್ಬದ ದಿನ ಶಾಯಿ ಇರುವುದನ್ನು ಆ ತಾಯಿ ಹೇಗೆ ಸಹಿಸಬೇಕು? ಗೆರೆ ಹೋಗುವವರೆಗೆ ತಿಕ್ಕಿದ್ದಾರೆ.

ಅಂದು ನಮ್ಮ ಮೇಲಿನವರಾದ ಆಪಟೆ ಸರ್ ನನಗೆ ಮಾಡಿದ ಮಂಗಳಾರತಿ ಇನ್ನೂ ಕಿವಿಯಲ್ಲಿದೆ. ಅವರು ಭೌತಶಾಸ್ತ್ರದವರು, ಕಿರಣದ ಲೆಕ್ಕವೆಲ್ಲ ಅವರದೇ. ದೇವರು ದಿಂಡರು ಎಂದರೆ ಅವರಿಗೆ ಆಗುತ್ತಿರಲಿಲ್ಲ, ಅವರಿಗೆ ನಿಯಮವೇ ದೇವರು. ಸೋಪು ಬೇಡ ಎಂದರೆ ಸಾಲದು, ನಮ್ಮ ಜನ ಯಾವುದರಿಂದ ತಿಕ್ಕುತ್ತಾರೆಂದು ತಿಳಿದು ಹೇಳಬೇಕು ಎಂದರು. ಶೆಟ್ಟರಿಗೆ ಮತ್ತೆ ಚಿತ್ರ ತೆಗೆದು, ಮತ್ತೆ ಗೆರೆ ಎಳೆದು ಚಿಕಿತ್ಸೆ ಮುಂದುವರಿಸಿದೆವು. ಆವತ್ತಿನಿಂದ ದೀಪಾವಳಿ ಬಂತೆಂದರೆ ಎಣ್ಣೆ, ಕಡಲೆಹಿಟ್ಟು, ಮರಾಠಿಯವರು ಮೈಗೆ ತಿಕ್ಕುವ ಉಟಣೆ ಪುಡಿ ಎಲ್ಲದರ ಹೆಸರು ಹಿಡಿದು ರೋಗಿಗೂ ಹೇಳುತ್ತಿದ್ದೆ, ರೋಗಿಯ ಹೆಂಡತಿಗೂ ಹೇಳುತ್ತಿದ್ದೆ. ಹೆಂಡತಿಗೆ ಹೇಳುವುದು ಹೆಚ್ಚು ಮುಖ್ಯ. ಹೊಸಬರು ಇದನ್ನು ಮರೆಯಬೇಡಿ.

ಆಪಟೆ ಸರ್ ಅವರ ನಿಯಮಗಳಲ್ಲಿ ಒಂದು ಎಲ್ಲಕ್ಕಿಂತ ದೊಡ್ಡದು. ಕಿರಣ ಬಿಡುವಾಗ ಆ ಕೋಣೆಯಲ್ಲಿ ರೋಗಿಯನ್ನು ಬಿಟ್ಟು ನರಪಿಳ್ಳೆ ಇರಕೂಡದು. ಡಾಕ್ಟರ್ ಇರಕೂಡದು, ನರ್ಸ್ ಇರಕೂಡದು, ಎಳೆಗೂಸಿನ ತಾಯಿಯೂ ಇರಕೂಡದು. ಎಲ್ಲರೂ ಹೊರಟ ಮೇಲೆ ಕೊನೆಗೆ ಉಳಿದವನು ಕೋಣೆಯನ್ನು ಸುತ್ತಿ ನೋಡಿ, ನೋಡಿದ್ದಾಯಿತೆಂಬ ಗುರುತಿಗೆ ಗೋಡೆಯ ಬಟನ್ ಒತ್ತಿ, ಬಾಗಿಲ ಬಳಿ ಬಂದು ದೊಡ್ಡ ದನಿಯಲ್ಲಿ ಕೂಗಬೇಕು, "ಆತ್ ಕೋಣೀ ನಾಹೀ." ಒಳಗೆ ಯಾರೂ ಇಲ್ಲ ಎಂದರ್ಥ. ಆಮೇಲೆಯೇ ಆ ಭಾರವಾದ ಬಾಗಿಲು ಮುಚ್ಚಬೇಕು. ಬಟನ್ ಎಲ್ಲ ಆಸ್ಪತ್ರೆಯಲ್ಲೂ ಇರುತ್ತದೆ, ಕೂಗು ಮಾತ್ರ ನಮ್ಮ ಸರ್ ಹಾಕಿದ ಪದ್ಧತಿ. ಕೈಗೆ ಅಭ್ಯಾಸವಾಗಿ ಬಟನ್ ತಾನಾಗಿ ಒತ್ತಿಹೋಗುತ್ತದೆ, ಬಾಯಿಂದ ಕೂಗಿದರೆ ತಲೆಯೂ ಕೆಲಸ ಮಾಡುತ್ತದೆ ಎನ್ನುತ್ತಿದ್ದರು. ನನ್ನದು ಮೊದಲೇ ಧಾರವಾಡದ ಗಂಟಲು. ನಾನು ಕೂಗಿದರೆ ಪಾರ್ಕಿಂಗಿನವರೆಗೂ ಕೇಳುತ್ತದೆಂದು ಎಲ್ಲರೂ ನಗುತ್ತಿದ್ದರು.

ನನಗೆ ಆ ಗಂಟಲಿನ ಮೇಲೆ ಭಾರಿ ಅಭಿಮಾನವಿತ್ತು. ಹೊರಗೆ ಪರದೆಯ ಮುಂದೆ ಕೂತು ಮೈಕಿನಲ್ಲಿ ಒಳಗಿದ್ದವರೊಡನೆ ಮಾತಾಡುವುದು ನಮ್ಮ ಕೆಲಸದ ಅರ್ಧಪಾಲು. ಬೆಳಗಾವಿ, ವಿಜಯಪುರ, ಬಾಗಲಕೋಟೆಯಿಂದ ಬಂದು ಸ್ವಾರಗೇಟಿನಲ್ಲಿ ಬಸ್ಸಿಳಿದು, ರಿಕ್ಷಾದವನ ಮರಾಠಿಗೆ ಕಂಗಾಲಾಗಿ ಬಂದವರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಆ ಒಂಟಿ ಕೋಣೆಯಲ್ಲಿ ಮೇಲಿನಿಂದ ಕನ್ನಡ ಕೇಳಿದರೆ ಮುಖವೇ ಬದಲಾಗುತ್ತಿತ್ತು. ಹೆದರಬ್ಯಾಡ್ರಿ ಯಜಮಾನ್ರ, ಅಳಗ್ಯಾಡಬ್ಯಾಡ್ರಿ, ಇಗಾ ಮುಗೀತು ಎನ್ನುತ್ತಿದ್ದೆ. ಮುಧೋಳದ ಒಬ್ಬ ಅಜ್ಜ ಇಳಿದು ಬಂದು, ಮ್ಯಾಲಿಂದ ಮಾತಾಡಿದಂವ ಎಲ್ಲಿ, ಕಾಲಿಗೆ ಬೀಳತೀನಿ ಅವಂಗ ಎಂದು ನನ್ನನ್ನೇ ಕೇಳಿದ್ದ.

ನಿವೃತ್ತಿಗೆ ಇನ್ನೂ ಕೆಲವು ವರ್ಷವಿದ್ದಾಗ ಮೈಕ್ ಕೆಟ್ಟಿತು. ಒಳಗಿನವರು, ನೀವು ಹೇಳಿದ್ದು ಕೇಳುವುದಿಲ್ಲ, ಗರಗರ ಎನ್ನುತ್ತದೆ ಎಂದು ದೂರತೊಡಗಿದರು. ಎಲೆಕ್ಟ್ರಿಷಿಯನ್ ಬಂದು ವೈರ್ ಬದಲಿಸಿದ. ಗರಗರ ಹೋಗಲಿಲ್ಲ. ಮೈಕನ್ನೇ ಬದಲಿಸಿದರು. ಆಗಲೂ ಅಷ್ಟೇ. ನಾನು ಎಲೆಕ್ಟ್ರಿಷಿಯನ್ನಿಗೆ ಬಾಯಿಗೆ ಬಂದಂತೆ ಅಂದೆ. ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಪ್ರಾಜಕ್ತಾ, ಕೊಲ್ಹಾಪುರದ ಹುಡುಗಿ, ಭಾರಿ ಚುರುಕು, ಒಂದು ದಿನ ಅದೇ ಮೈಕಿನಲ್ಲಿ ತಾನು ಮಾತಾಡಿ ತೋರಿಸಿದಳು. ಗಂಟೆ ಹೊಡೆದ ಹಾಗೆ ಕೇಳಿತು. ಮೈಕ್ ಸರಿಯಾಗಿದೆ ಕಾಕಾ ಎಂದಳು. ಆ ಮಧ್ಯಾಹ್ನವೇ ಕಿವಿ ಮೂಗು ಗಂಟಲಿನ ಡಾಕ್ಟರ್ ಬಳಿ ಹೋದೆ. ಸ್ವರತಂತುವಿನ ಮೇಲೆ ಗಂಟು.

ತಂಬಾಕು ತಿಂತೀರೇನು, ಸಿಗರೇಟು ಸೇದತೀರೇನು ಎಂದು ಬಂದವರೆಲ್ಲ ಕೇಳಿದರು. ಎರಡೂ ಇಲ್ಲ. ಹಾಗಾದರೆ ಮಾತು ಹೆಚ್ಚಾಯಿತೇನೋ ಎಂದಳು ನನ್ನ ಹೆಂಡತಿ ಇಂದಿರಾ. ಹಾಗೆಂದು ಚೇಷ್ಟೆ ಮಾಡಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ರೋಗ ಬೇಗ ಸಿಕ್ಕಿದೆ, ಆಪರೇಷನ್ ಬೇಡ, ರೇಡಿಯೇಷನ್ ಸಾಕು, ಒಂದು ದಿನವೂ ತಪ್ಪಿಸದೆ ಪೂರ್ತಿ ತೆಗೆದುಕೊಂಡರೆ ಜೀವವೂ ಉಳಿಯುತ್ತದೆ, ದನಿಯೂ ಉಳಿಯಬಹುದು ಎಂದರು ಡಾಕ್ಟರ್. ನಡುವೆ ಬಿಟ್ಟರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಟಲಿಗೆ ರೇಡಿಯೇಷನ್ ಎಂದರೆ ಮುಖವಾಡ ಬೇಕು. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮುಖದಿಂದ ಹೆಗಲವರೆಗೆ ಎಳೆದು ಒತ್ತುತ್ತೇವೆ. ಆರಿದ ಮೇಲೆ ಅದು ಮುಖದ ಅಚ್ಚಾಗುತ್ತದೆ. ದಿನವೂ ಅದನ್ನು ಹಾಕಿ ಮೇಜಿಗೆ ಕ್ಲಿಪ್ ಮಾಡಿದರೆ ತಲೆ ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ. ಎಷ್ಟು ಜನರಿಗೆ ಮಾಡಿದ್ದೆನೋ. ಬಿಗಿ ಆಯಿತು ಎಂದವರಿಗೆಲ್ಲ, ಬಿಗಿ ಇದ್ದರೇ ಒಳ್ಳೆಯದು ಎಂದು ನಗುತ್ತಿದ್ದೆ. ನನ್ನ ಮುಖದ ಮೇಲೆ ಪ್ರಾಜಕ್ತಾ ಅದನ್ನು ಎಳೆದಾಗ ಆ ಮಾತು ಇನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ.

ಮೊದಲ ಕೆಲವು ದಿನ ಹೇಗೋ ನಡೆಯಿತು. ನಾನೂ ಅಲ್ಲಿಯವನೇ ಎಂಬ ಜಂಬ. ಆಮೇಲೆ ಗಂಟಲು ಸುಡಲು ಶುರುವಾಯಿತು, ಉಗುಳು ನುಂಗಿದರೆ ಕಣ್ಣಲ್ಲಿ ನೀರು. ಮಾತು ಪಿಸುದನಿಗೆ ಇಳಿಯಿತು. ಒಂದು ಬೆಳಿಗ್ಗೆ ಪ್ರಾಜಕ್ತಾ ಮುಖವಾಡ ಕ್ಲಿಪ್ ಮಾಡಿದಳು, ನನ್ನ ಕೈ ಒತ್ತಿದಳು, ಹೋದಳು. ಬಟನ್ನಿನ ಸದ್ದು ಕೇಳಿತು. ಅವಳು ಬಾಗಿಲಲ್ಲಿ ನಿಂತು ನಾನೇ ಕಲಿಸಿದ ದನಿಯಲ್ಲಿ ಕೂಗಿದಳು, "ಆತ್ ಕೋಣೀ ನಾಹೀ."

ಒಳಗೆ ಯಾರೂ ಇಲ್ಲವಂತೆ. ಹಾಗಾದರೆ ನಾನು ಯಾರು? ದಿನವೂ ಕೇಳಿದ್ದ ಮಾತೇ, ಆವತ್ತು ನೆಟ್ಟಗೆ ಎದೆಗೆ ನಾಟಿತು. ಬಾಗಿಲು ಧಡ್ಡನೆ ಕೂತಿತು. ಬಾಯಿ ತೆರೆದರೆ ಮುಖವಾಡ, ಕೂಗಿದರೆ ದನಿ ಇಲ್ಲ. ನಾನು ಆಗಲೇ ಇಲ್ಲವಾಗಿದ್ದೇನೆ, ಇವರು ಖಾಲಿ ಕೋಣೆಗೆ ಕಿರಣ ಬಿಡುತ್ತಿದ್ದಾರೆ ಎನ್ನಿಸಿತು. ಕೈ ಎತ್ತಿ ಹುಚ್ಚನ ಹಾಗೆ ಬೀಸಿದೆ. ಅವಳು ಯಂತ್ರ ನಿಲ್ಲಿಸಿ ಓಡಿಬಂದು ಕ್ಲಿಪ್ ಬಿಚ್ಚಿದಳು. ನಾನು ಅಂಗಿಯ ಗುಂಡಿಯನ್ನೂ ಹಾಕದೆ ಹೊರಗೆ ಬಂದುಬಿಟ್ಟೆ. ಇನ್ನು ಬರುವುದಿಲ್ಲ, ಏನಾಗುತ್ತದೋ ಆಗಲಿ ಎಂದು ಕೈಸನ್ನೆಯಲ್ಲೇ ಹೇಳಿದೆ. ಇಂದಿರಾ ಔಷಧಿ ಅಂಗಡಿಯ ಮುಂದೆ ಸಾಲಿನಲ್ಲಿದ್ದಳು.

ಹೊರಗಿನ ಬೆಂಚಿನ ಮೇಲೆ ಮುಂದಿನ ಸರದಿಯವರು ಕೂತಿದ್ದರು. ಸಲೋಮಿ ಅಕ್ಕೋರು. ನಮ್ಮ ಧಾರವಾಡದವರೇ, ಮಿಷನ್ ಶಾಲೆಯಲ್ಲಿ ಜನ್ಮವಿಡೀ ಮಕ್ಕಳಿಗೆ ಕನ್ನಡ ಕಲಿಸಿದವರು. ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ಮಗರಪಟ್ಟಾದಲ್ಲಿದ್ದ ತಂಗಿಯ ಮಗಳ ಮನೆಯಲ್ಲಿ ಉಳಿದುಕೊಂಡು ರೇಡಿಯೇಷನ್ನಿಗೆ ಬರುತ್ತಿದ್ದರು. ಇಬ್ಬರ ಸರದಿಯೂ ಹಿಂದೆಮುಂದೆ. ನಾನೂ ಧಾರವಾಡದವನೆಂದು ತಿಳಿದ ಕೂಡಲೇ ನನಗೆ ಏಕವಚನ ಶುರುಮಾಡಿದ್ದರು. ಅವರ ಚೀಲದಲ್ಲಿ ಯಾವಾಗಲೂ ಒಂದು ಫ್ಲಾಸ್ಕ್ ಇರುತ್ತಿತ್ತು, ಅದರಲ್ಲಿ ಜೋಳದ ಅಂಬಲಿ. ನನಗೆ ಆಗ ಗಂಟಲಿಗೆ ಇಳಿಯುತ್ತಿದ್ದದ್ದು ಅದೊಂದೇ.

ಅವರು ಮುಚ್ಚಳಕ್ಕೆ ಅಂಬಲಿ ಬಗ್ಗಿಸಿ ಕೊಟ್ಟರು. ಆಮೇಲೆ ನನ್ನ ಅಂಗಿಯ ಗುಂಡಿಯ ಕಡೆ ನೋಡಿದರು.

"ಹೆದರಿಕಿ ಬಂತೇನೋ, ಗುರುನಾಥಪ್ಪಾ?"

ಇಲ್ಲ, ಮುಖವಾಡ ಬಿಗಿ ಆಗಿದೆ ಎಂದು ಪಿಸುಗುಟ್ಟಿದೆ.

"ಸುಳ್ಳು ಹೇಳಬ್ಯಾಡ. ಬಂದ್ರ ಬಂತಂತ ಹೇಳು. ನಮ್ಮ ಯೇಸುಸ್ವಾಮಿನೂ ಹೆದರಿದ್ದ."

ನಾನು ಮುಖ ಎತ್ತಿ ನೋಡಿದೆ. ದೇವರು ಹೆದರಿದ ಸುದ್ದಿಯನ್ನು ನಾನು ಕೇಳಿರಲಿಲ್ಲ. ನಮ್ಮ ಮನೆಯ ದೇವರುಗಳ ಕೈಯಲ್ಲಿ ಗದೆಯೋ ಚಕ್ರವೋ ಇರುತ್ತಿತ್ತು. ಅಕ್ಕೋರು ನೆರೆಮನೆಯ ಹುಡುಗನ ವಿಷಯ ಹೇಳುವ ಹಾಗೆ ಹೇಳಿದರು. ನಾಳೆ ಕೊಲ್ಲುತ್ತಾರೆಂದು ಗೊತ್ತಾದಾಗ ಅವನು ಬೆವರು ಸುರಿಸುತ್ತ ಕೂತಿದ್ದನಂತೆ. ಇದು ನನಗೆ ತಪ್ಪುವ ಹಾಗಿದ್ದರೆ ತಪ್ಪಲಿ ಎಂದು ತಂದೆಯನ್ನು ಬೇಡಿಕೊಂಡನಂತೆ. ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರವಾಗಿರಿ ಎಂದು ಗೆಳೆಯರನ್ನು ಕೇಳಿದರೆ, ಅವರು ಮಲಗಿಬಿಟ್ಟರಂತೆ.

ಒಳಗೆ ಯಾರೂ ಇಲ್ಲ ಎಂದು ಪ್ರಾಜಕ್ತಾ ಕೂಗಿದ್ದನ್ನು ನಾನು ಹೇಳಿದೆ. ಹೇಳುವಾಗ ಗಂಟಲಿಗಿಂತ ಎದೆಯೇ ಹೆಚ್ಚು ನೋಯುತ್ತಿತ್ತು. ಅಕ್ಕೋರು ಫ್ಲಾಸ್ಕನ್ನು ಚೀಲದಲ್ಲಿಟ್ಟು ನನ್ನ ಕಡೆ ತಿರುಗಿದರು.

"ಯಾರೂ ಇಲ್ಲದ ಜಾಗಾ ಹೆಂಗಿರ್ತದಂತ ಅವಗ ಗೊತ್ತದ. ಅದಕ್ಕಽ ಅವ ಅಲ್ಲಿಂದ ಹೊರಗ ಹೋಗೂದಿಲ್ಲ."

ಅದು ಸಾಧ್ಯವಿಲ್ಲ, ರೋಗಿಯನ್ನು ಬಿಟ್ಟು ಅಲ್ಲಿ ಯಾರೂ ಇರುವಂತಿಲ್ಲ, ಅದು ನಿಯಮ ಎಂದೆ. ಸಾಯುವ ಹೊತ್ತಿನಲ್ಲೂ ಆಪಟೆ ಸರ್ ಶಿಷ್ಯ ನಾನು. ಅಕ್ಕೋರು ನಕ್ಕರು, ಆ ನಗುವಿಗೆ ಬೆಂಚೆಲ್ಲ ಅಲುಗಾಡಿತು. "ಅವಗ ನಿಮ್ಮ ಬ್ಯಾಡ್ಜ್ ಬೇಕಾಗಿಲ್ಲೋ," ಎಂದರು. "ಏಳು. ಇವತ್ತಿನ ನನ್ನ ಸರದಿ ನಿನಗ ಕೊಟ್ಟೀನಿ. ಹೋಗಿ ನೋಡು, ಇದ್ದಾನೋ ಇಲ್ಲೋ."

ಏಕೆ ಎದ್ದೆನೋ ಗೊತ್ತಿಲ್ಲ. ಮಿಷನ್ ಶಾಲೆಯ ಅಕ್ಕೋರು ಏಳು ಎಂದರೆ ಏಳದವರು ಧಾರವಾಡದಲ್ಲಿ ಹುಟ್ಟಿಲ್ಲ. ಪ್ರಾಜಕ್ತಾಳ ಮುಖ ಅತ್ತು ಕೆಂಪಾಗಿತ್ತು. ಮುಖವಾಡ ಹಾಕಿದಳು. ಬಟನ್, ಕೂಗು, ಬಾಗಿಲು. ಮತ್ತೆ ಅದೇ ಕತ್ತಲೆ ಎದೆಯ ಮೇಲೆ ಏರಿತು. ಪ್ರಾರ್ಥನೆ ಮಾಡಬೇಕೆಂದರೆ ನನಗೆ ಬರುತ್ತಿದ್ದದ್ದು ಚಿಕ್ಕಂದಿನಲ್ಲಿ ಕಲಿತ ಸಂಸ್ಕೃತ, ಅದರಲ್ಲೂ ಮೊದಲ ಸಾಲು ಮಾತ್ರ. ಕೊನೆಗೆ ಮನಸ್ಸಿನಲ್ಲೇ ಹೇಳಿದೆ: ಇದ್ದರೆ ಇರು.

ಅಷ್ಟೇ. ಬೆಳಕು ಬರಲಿಲ್ಲ, ದನಿ ಕೇಳಲಿಲ್ಲ. ಯಂತ್ರ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಆದರೆ ನಾನು ಒಬ್ಬನೇ ಇರಲಿಲ್ಲ. ಇದನ್ನು ಹೇಗೆ ಹೇಳಲಿ? ಕತ್ತಲೆಯ ಕೋಣೆಯಲ್ಲಿ ನಿದ್ದೆಯಿಂದ ಎಚ್ಚರಾದ ಕೂಸಿಗೆ, ಅವ್ವ ಮಗ್ಗುಲಲ್ಲಿದ್ದಾಳೆಂದು ಮುಟ್ಟದೆಯೇ ತಿಳಿಯುತ್ತದಲ್ಲ, ಹಾಗೆ ತಿಳಿಯಿತು. ಹೆದರಿಕೆ ಹೋಗಲಿಲ್ಲ, ಆದರೆ ಹೆದರಿಕೆಗೆ ಜೊತೆ ಸಿಕ್ಕಿತು. ಮುಖವಾಡದ ತೂತುಗಳಿಂದ ಕಣ್ಣೀರು ಇಳಿದು ಕಿವಿ ತುಂಬಿತು. ನನಗೆ ಆದ ಸಂತೋಷ ಎಂಥದ್ದೆಂದರೆ, ಎದ್ದು ಕುಣಿಯಬೇಕೆನ್ನಿಸಿತು, ಕುಣಿದರೆ ಅಳತೆ ತಪ್ಪುತ್ತದೆಂದು ಅಲುಗಾಡದೆ ಮಲಗಿದೆ. ವೃತ್ತಿಧರ್ಮ ನೋಡಿ.

ಹೊರಗೆ ಬಂದಾಗ ಇಂದಿರಾ ಬಂದಿದ್ದಳು. ಅಕ್ಕೋರು ನನ್ನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡು, ಇದ್ದನಲ್ಲ, ನನ್ನ ಸರದಿ ವ್ಯರ್ಥ ಆಗಲಿಲ್ಲ ಎನ್ನುತ್ತ ಒಳಗೆ ಹೋದರು.

ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಕತ್ತು ಸುಟ್ಟು ಕಪ್ಪಾಯಿತು, ದನಿ ಪೂರ್ತಿ ಹೋಯಿತು, ತೂಕ ಇಳಿದು ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಆದರೂ ಬೆಳಗಾದರೆ ಆ ಕೋಣೆಗೆ ಹೋಗಲು ತವಕ. ಬೇರೆಯವರಿಗೆ ಹೇಳಿದರೆ ನಕ್ಕಾರು, ನಾನು ರೇಡಿಯೇಷನ್ನಿಗೆ ಹೋಗುತ್ತಿದ್ದದ್ದು ಯಾರನ್ನೋ ಭೇಟಿಯಾಗಲು ಹೋಗುವ ಹಾಗೆ. ಚಿಕಿತ್ಸೆ ಮುಗಿದ ಮೇಲೆ ಅಕ್ಕೋರು ಹೇಳಿದ ಒಂದು ಚರ್ಚಿಗೆ ಹೋದೆ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅಲ್ಲಿ ಕನ್ನಡದವರು ಸೇರುತ್ತಿದ್ದರು. ಕಡೆಯ ಬೆಂಚಿನಲ್ಲಿ ಕೂತು, ಎಲ್ಲರೂ ಹಾಡುವಾಗ ದನಿಯಿಲ್ಲದೆ ಬಾಯಿ ಆಡಿಸಿದೆ. ಬಳಿಕ ಅಲ್ಲಿಯೇ ದೀಕ್ಷಾಸ್ನಾನವನ್ನೂ ಪಡೆದೆ.

ಮನೆಯಲ್ಲಿ ಸುಲಭವಾಗಲಿಲ್ಲ. ಧಾರವಾಡದಿಂದ ಅಣ್ಣ ಫೋನ್ ಮಾಡಿ, ದವಾಖಾನಿಗೆ ರೋಗ ಬಿಡಸಾಕ ಹೋಗಿದ್ದಿ, ಕುಲಾನೂ ಬಿಟ್ಟು ಬಂದಿ ಎಂದ. ಇಂದಿರಾ ಮೂರ್ನಾಲ್ಕು ದಿನ ಮಾತು ಬಿಟ್ಟಳು. ನನಗೆ ಮೊದಲೇ ದನಿ ಇರಲಿಲ್ಲ, ಹೀಗಾಗಿ ಮನೆ ಮಠದ ಹಾಗಿತ್ತು. ಆಮೇಲೆ ಒಂದು ದಿನ ತಾನೇ ಬಂದು ಎದುರಿಗೆ ಕೂತಳು.

"ನಿಮ್ಮನ್ನ ಆ ಕ್ವಾಣ್ಯಾಗಿಂದ ಹೊಳ್ಳಿ ಕರಕೊಂಡು ಬಂದಾನ, ಅವನ್ನ ಬ್ಯಾಡಂತ ನಾ ಹೆಂಗ ಅನ್ನಲಿ? ಆದ್ರ ನನ್ನ ದೇವರ ಜಗಲಿ ಮುಟ್ಟಬ್ಯಾಡ್ರಿ."

ಮುಟ್ಟಿಲ್ಲ. ಅವಳು ದೀಪ ಹಚ್ಚುತ್ತಾಳೆ, ನಾನು ಕಿಟಕಿಯ ಬಳಿ ಕಣ್ಣು ಮುಚ್ಚಿ ಕೂರುತ್ತೇನೆ. ದೀಪಾವಳಿಗೆ ಈಗಲೂ ಎಣ್ಣೆ ಹಚ್ಚಿ ಕಡಲೆಹಿಟ್ಟಿನಿಂದ ನನ್ನ ಬೆನ್ನು ತಿಕ್ಕುತ್ತಾಳೆ. ಅಳಿಸಿಹೋಗುವ ಗೆರೆ ಯಾವುದೂ ಇಲ್ಲವಾದ್ದರಿಂದ ನಾನೂ ಸುಮ್ಮನಿರುತ್ತೇನೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಗಂಟು ಕರಗಿಸಿದ್ದು ಯಂತ್ರ, ಡಾಕ್ಟರರ ವಿದ್ಯೆ, ಪ್ರಾಜಕ್ತಾಳ ಕೈ. ಪ್ರಾರ್ಥನೆ ಮಾಡಿ ಚಿಕಿತ್ಸೆ ಬಿಡುತ್ತೇನೆ ಎಂದವರನ್ನು ನಾನು ಬೈದು ಮೇಜಿನ ಮೇಲೆ ಮಲಗಿಸಿದ್ದೇನೆ. ಓಡಿಹೋದವನನ್ನು ಆ ಯಂತ್ರದ ಕೆಳಗೆ ಮತ್ತೆ ಮಲಗಿಸಿದ್ದು ಯೇಸು, ಅಷ್ಟು ನನಗೆ ಗೊತ್ತು. ಇನ್ನೊಂದು. ಮೇಜಿಗೆ ಕ್ಲಿಪ್ ಮಾಡಿದ ರೋಗಿಗೆ ನಿಮ್ಮ ದೇವರನ್ನು ಮಾರಲು ಹೋಗಬೇಡಿ. ಅವರು ಎದ್ದು ಹೋಗುವ ಸ್ಥಿತಿಯಲ್ಲಿರುವುದಿಲ್ಲ. ಕೇಳಿದರೆ ಹೊರಗೆ ಬೆಂಚಿನ ಮೇಲೆ ಕೂತು ಹೇಳಿ, ಅಕ್ಕೋರು ಹೇಳಿದ ಹಾಗೆ, ಅಂಬಲಿ ಕೊಟ್ಟು.

ಕೆಲವು ತಿಂಗಳಿಗೆ ದನಿ ಬಂತು. ಮೊದಲಿನದಲ್ಲ, ಗರಗಸದಿಂದ ಒಣಕಟ್ಟಿಗೆ ಕೊಯ್ದ ಹಾಗೆ ಇರುವ ಈಗಿನ ದನಿ. ಕೆಲಸಕ್ಕೆ ಮರಳಿದ ದಿನವೇ ಆಪಟೆ ಸರ್ ಮುಂದೆ ನಿಂತೆ. ಅವರೂ ನಿವೃತ್ತಿಯ ಅಂಚಿನಲ್ಲಿದ್ದರು. ಒಳಗೆ ಯಾರೂ ಇಲ್ಲ ಎಂದು ಕೂಗುವುದನ್ನು ಬದಲಿಸೋಣ, ಮಲಗಿದವರಿಗೆ ಅದು ಕೇಳುತ್ತದೆ, ರೋಗಿಯ ಹೆಸರು ಹಿಡಿದು ಒಳಗೆ ಇಂಥವರು ಮಾತ್ರ ಇದ್ದಾರೆ ಎಂದು ಕೂಗೋಣ ಎಂದೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಸರ್ ಕನ್ನಡಕ ತೆಗೆದು ಒರೆಸಿದರು, ಯೋಚಿಸಿದರು. ಹೆಸರು ಕೂಗಿದರೆ ಮಲಗಿದವರು ಸರಿಯಾದ ರೋಗಿಯೇ ಎಂದು ಇನ್ನೊಂದು ಸಲ ಖಾತ್ರಿಯಾಗುತ್ತದೆ, ಇದು ಮೊದಲಿನದಕ್ಕಿಂತ ಒಳ್ಳೆಯ ನಿಯಮ ಎಂದರು. ಅವರ ಕಣ್ಣು ಮಿನುಗುತ್ತಿತ್ತು. ಮರುದಿನದಿಂದ ನಮ್ಮ ವಿಭಾಗದಲ್ಲಿ ಹೊಸ ಕೂಗು ಶುರುವಾಯಿತು: ಆತ್ ಫಕ್ತ ಶಿಂದೆ ಮಾವಶಿ, ಆತ್ ಫಕ್ತ ಕಾಂಬಳೆ ಕಾಕಾ. ಕನ್ನಡದವರಿದ್ದರೆ ನಾನು ಕನ್ನಡದಲ್ಲೇ ಕೂಗುತ್ತಿದ್ದೆ. ಮಾತ್ರ ಎನ್ನುವುದಕ್ಕೆ ಫಕ್ತ ಎಂಬುದು ನಮ್ಮ ಕಡೆಯೂ ನಡೆಯುವ ಮಾತೇ ಅಲ್ಲವೇ. ಹೆಸರು ಕೇಳಿದ ಕೂಡಲೇ ರೋಗಿಗಳು ಒಳಗಿನಿಂದ ಹ್ಞೂಂ ಎನ್ನತೊಡಗಿದರು. ನನಗಂತೂ ಹಬ್ಬ.

ನನ್ನ ನಿವೃತ್ತಿಯ ಹೊತ್ತಿಗೆ ಅಕ್ಕೋರು ಮತ್ತೆ ಬಂದರು. ನಡೆದು ಬರಲಿಲ್ಲ, ಗಾಲಿಕುರ್ಚಿಯಲ್ಲಿ ಬಂದರು. ರೋಗ ಬೆನ್ನುಮೂಳೆಗೆ ಹತ್ತಿತ್ತು. ಗುಣವಾಗಲೆಂದು ಕೊಡುವ ರೇಡಿಯೇಷನ್ ಅಲ್ಲ ಅದು, ನೋವು ತಗ್ಗಲೆಂದು ಕೊಡುವುದು. ಅವರ ಕಾಗದ ನೋಡಿದ ಕೂಡಲೇ ನನಗೆ ತಿಳಿಯಿತು. ಅವರಿಗೂ ತಿಳಿದಿತ್ತು.

ನನಗೆ ಸಿಟ್ಟು ಬಂತು. ದೇವರ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು, ಹಿಂದೆ ಅಷ್ಟು ಸಲಿಗೆ ಇರಲಿಲ್ಲ. ಬೆಂಚಿನ ಪಕ್ಕ ಅವರ ಕುರ್ಚಿ ನಿಲ್ಲಿಸಿ, ನನ್ನನ್ನು ಉಳಿಸಿ ನಿಮ್ಮನ್ನು ಬಿಟ್ಟನಲ್ಲ, ಇದು ಯಾವ ನ್ಯಾಯ ಎಂದೆ. ಆ ವಿಶ್ವಾಸ ನನಗೆ ಕೊಟ್ಟವರೇ ಅವರು. ಅವರೇ ಹೋಗುವುದಾದರೆ ನನ್ನ ಕೈಯಲ್ಲಿ ಉಳಿಯುವುದೇನು ಎಂಬ ಭಯ ನನಗೆ.

ಅಕ್ಕೋರು ಚೀಲ ತೋರಿಸಿದರು. ಫ್ಲಾಸ್ಕ್ ಇತ್ತು. ಈ ಸಲ ನಾನೇ ಮುಚ್ಚಳಕ್ಕೆ ಬಗ್ಗಿಸಿ ಅವರ ತುಟಿಗೆ ಹಿಡಿದೆ.

"ಬಿಟ್ಟಾನಂತ ಯಾರಂದ್ರು ನಿನಗ?" ಎಂದರು. "ಗುಣಾ ಮಾಡತೀನಂತ ಅವ ನನಗ ಮಾತು ಕೊಟ್ಟಿಲ್ಲಪಾ. ಬಿಟ್ಟು ಹೋಗೂದಿಲ್ಲಂತ ಕೊಟ್ಟಾನ. ಇಲ್ಲಿತನಾ ತಪ್ಪಿಲ್ಲ."

ಕೆಲವೇ ದಿನದ ಚಿಕಿತ್ಸೆ. ಪ್ರತಿದಿನವೂ ನಾನೇ ಮಾಡಿದೆ. ನೋವು ತಗ್ಗಿತು, ಕೊನೆಯ ದಿನ ಕುರ್ಚಿಯಿಂದ ಮೇಜಿಗೆ ಹೆಚ್ಚು ನರಳದೆ ಬಂದರು. ಮೊಣಕಾಲ ಕೆಳಗೆ ದಿಂಬಿಟ್ಟೆ, ಹೊದಿಕೆ ಸರಿಮಾಡಿದೆ, ಕೈ ಒತ್ತಿದೆ. ಹೊರಡಲು ಕಾಲು ಬರಲಿಲ್ಲ. ನಿಯಮ ನಿಯಮವೇ. ಪ್ರಾಜಕ್ತಾ ಹೊರಗೆ ಕಾಯುತ್ತಿದ್ದಳು. ಕೋಣೆ ಸುತ್ತಿ ನೋಡಿ, ಬಟನ್ ಒತ್ತಿ, ಬಾಗಿಲ ಬಳಿ ಬಂದು ನನ್ನ ಒಡಕು ದನಿಯಲ್ಲಿ ಕೂಗಿದೆ, "ಒಳಗ ಫಕ್ತ ಸಲೋಮಿ ಅಕ್ಕೋರು."

ಒಳಗಿನಿಂದ ಉತ್ತರ ಬಂತು. ತರಗತಿಯ ಕಡೆಯ ಸಾಲಿಗೂ ಮುಟ್ಟುವ ದನಿ ಅದು, ಮೂಳೆ ಸವೆದರೂ ಸವೆದಿರಲಿಲ್ಲ.

"ಫಕ್ತ ತಗಿಯೋ, ಗುರುನಾಥಪ್ಪಾ."

ನಾನು ಒಂದು ಗಳಿಗೆ ಬಾಗಿಲು ಹಿಡಿದು ನಿಂತೆ. ಪ್ರಾಜಕ್ತಾ ಏನಾಯಿತು ಕಾಕಾ ಎಂದು ನನ್ನತ್ತ ನೋಡಿದಳು. ಫಕ್ತ ತೆಗೆದು ಮತ್ತೊಮ್ಮೆ ಕೂಗಿದೆ. ಬಾಗಿಲು ಹಾಕಿ ಪರದೆಯ ಮುಂದೆ ಬಂದು ಕೂತೆ. ಪರದೆಯಲ್ಲಿ ಆ ದೊಡ್ಡ ಕೋಣೆ, ಮೇಜು, ಮೇಜಿನ ಮೇಲೆ ಅಕ್ಕೋರು. ಅವರ ತುಟಿ ಅಲುಗಾಡುತ್ತಿತ್ತು, ನಡುವೆ ಒಮ್ಮೆ ನಕ್ಕರು ಕೂಡ. ಮೈಕ್ ತೆರೆದು ಏನಂತೆ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಅವರಿಬ್ಬರ ಮಾತು ಮುಗಿಯಲಿ ಎಂದು, ಕಿರಣದ ಬಟನ್ ಮೇಲೆ ಬೆರಳಿಟ್ಟುಕೊಂಡು ಕಾದೆ.